ಟ್ರೌಟ್ ಗಾಳದ ಸಾಮಾನು ತಗೊಳ್ಳುವ ಮುಂಚೆ ಇದನ್ನು ಓದಿ: ನನ್ನ 46,500 ರೂಪಾಯಿ ಹೋಯಿತು

ಮೂರು ವಾರ ಆಯಿತು. ಸಿಟ್ಟು ಇನ್ನೂ ಇಳಿದಿಲ್ಲ. ನಾಚಿಕೆಯೂ ಇದೆ, ಅದಕ್ಕೇ ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಆದರೆ ಮೊನ್ನೆ ಆಫೀಸಿನ ಗೆಳೆಯನೊಬ್ಬ ನಾನು ಮೋಸಹೋದ ಅಂಗಡಿಯಲ್ಲೇ ಅದೇ ಗಾಳದ ಸೆಟ್ ನೋಡಿ ಬಂದಿದ್ದೇನೆ, ಶನಿವಾರ ತಗೊಳ್ಳುತ್ತೇನೆ ಅಂದ. ಇನ್ನು ಬಾಯಿ ಮುಚ್ಚಿಕೊಂಡಿರಲು ಆಗುವುದಿಲ್ಲ.

ನನ್ನ ಅಪ್ಪನಿಗೆ 68 ವರ್ಷ. ಕೊಪ್ಪದ ಕಡೆಯವರು. ಚಿಕ್ಕವರಿದ್ದಾಗ ಬಿದಿರು ಕೋಲು, ಎರೆಹುಳು ಹಿಡಿದು ಹಳ್ಳದ ದಂಡೆಯಲ್ಲಿ ದಿನಗಟ್ಟಲೆ ಕೂತವರು. ಹಿಮಾಲಯದ ತಣ್ಣೀರಿನಲ್ಲಿ ಟ್ರೌಟ್ ಅಂತ ಮೀನಿದೆ, ಗಾಳಕ್ಕೆ ಗರಿ ಮತ್ತು ದಾರ ಸುತ್ತಿ ನೊಣದ ಹಾಗೆ ಮಾಡಿ (ಇದಕ್ಕೇ ಫ್ಲೈ ಅನ್ನುವುದು) ಅದನ್ನು ಹಿಡಿಯುತ್ತಾರೆ ಅಂತ ಕೇಳಿದ್ದರು. ಒಂದು ಸಲ ನೋಡಬೇಕು ಕಣೋ ಅನ್ನುತ್ತಿದ್ದರು. ಹಿಮಾಚಲದ ತೀರ್ಥನ್ ಕಣಿವೆಗೆ ಏಪ್ರಿಲ್‌ನಲ್ಲಿ ಹೋಗುವುದೆಂದು ಟಿಕೆಟ್ ಮಾಡಿದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ, ಮೊಟ್ಟೆ ಇಡುವ ಕಾಲ. ದೊಡ್ಡ ಮೀನು ಬೇಕೆಂಬ ಹಠ ನಮಗೆ ಇರಲಿಲ್ಲ. ಅಪ್ಪ, ಮಗ ಎರಡು ದಿನ ನದಿ ಪಕ್ಕ ಆರಾಮಾಗಿ ಇರಬೇಕು, ಅಷ್ಟೇ ಆಸೆ.

ಇದನ್ನೇ ಬೆಂಗಳೂರಿನ ಆ ಅಂಗಡಿಯವರಿಗೆ ಹೇಳಿದೆ. ಸಣ್ಣ ನದಿ, ಸಣ್ಣ ಮೀನು, ನಾವು ಹೊಸಬರು, ಸಿಂಪಲ್ ಆಗಿರಲಿ. ಮೂರು ಸಲ ಹೇಳಿದ್ದೇನೆ. ಸಿಂಪಲ್ ಆಗಿರಲಿ ಅಂತ.

"ಸಾರ್, ಟ್ರೌಟ್ ಅಂದ್ರೆ ತಮಾಷೆ ಅಲ್ಲ. ಬಹಳ ಚಾಲಾಕು ಮೀನು. ಅಲ್ಲಿ ನೀರು ರಭಸ. ಲೈಟ್ ಸೆಟ್ ತಗೊಂಡು ಹೋದ್ರೆ ವಾಪಸ್ ಬಂದು ನನ್ನನ್ನೇ ಬೈತೀರಿ."

ನಾನು ಕೇಳಿದೆ. ಗೊತ್ತಿಲ್ಲದವನು ಗೊತ್ತಿದ್ದವನ ಮಾತು ಕೇಳಲೇಬೇಕಲ್ವಾ? ರಾಡ್ 18,500. ರೀಲ್ 9,000. ಲೈನ್, ಅಂದರೆ ಬೀಸುವ ದಪ್ಪ ದಾರ, 6,500. ಲೈನಿಗೂ ಫ್ಲೈಗೂ ನಡುವೆ ಕಟ್ಟುವ, ಬುಡದಿಂದ ತುದಿಗೆ ಸಣ್ಣದಾಗುತ್ತಾ ಹೋಗುವ ದಾರ, ಟೇಪರ್ಡ್ ಲೀಡರ್ ಅಂತ ಹತ್ತು ಪ್ಯಾಕೆಟ್, ಒಂದಕ್ಕೆ 850. ಫ್ಲೋರೋಕಾರ್ಬನ್ ದಾರ ಎರಡು ಉರುಳೆ, 4,000. ರಾಡಿನ ಮೇಲೆ 8 ಅಂತ ಬರೆದಿತ್ತು. ಏನಿದು ಅಂದೆ. "ನಂಬರ್ ಜಾಸ್ತಿ ಇದ್ದಷ್ಟೂ ಒಳ್ಳೇದು ಸಾರ್, ದೊಡ್ಡ ಮೀನು ಬಂದ್ರೂ ತಡೆಯುತ್ತೆ, ಸಣ್ಣದಕ್ಕೂ ಆಗುತ್ತೆ." ಬಿಲ್ಲಿನಲ್ಲಿ ಒಂದೇ ಸಾಲು: ಫಿಶಿಂಗ್ ಕಿಟ್, 1. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ತೀರ್ಥನ್ ಕಣಿವೆಯಲ್ಲಿ ಗುಶೈನಿಯ ಹತ್ತಿರ ಹೋಂಸ್ಟೇ. ಲೈಸೆನ್ಸ್ ಮಾಡಿಸಿಕೊಂಡು, ಅಲ್ಲಿನ ಒಬ್ಬ ಗೈಡ್ ಜೊತೆ ಬೆಳಿಗ್ಗೆ ನದಿಗೆ ಇಳಿದೆವು. ನೀರು ಎಷ್ಟು ತಿಳಿ ಅಂದರೆ ಕೆಳಗಿನ ಒಂದೊಂದು ಕಲ್ಲೂ ಕಾಣುತ್ತಿತ್ತು. ಅಪ್ಪ ಚಪ್ಪಲಿ ಬಿಟ್ಟು ಬಂಡೆ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದರು.

ಗಾಳ ಕಟ್ಟಲು ಹೋದೆ. 18ನೇ ಸೈಜಿನ ಪುಟ್ಟ ಗಾಳ. ದಾರ ಅದರ ಕಣ್ಣಿಗೆ ತೂರುವುದೇ ಕಷ್ಟ. ಹೇಗೋ ತೂರಿಸಿದರೆ ಗಂಟು ಕೂರುವುದಿಲ್ಲ. ಪ್ಯಾಕೆಟ್ ಮೇಲೆ 5ಎಕ್ಸ್ ಅಂತಿದೆ, ತುದಿ ಎಷ್ಟು ಸಣ್ಣ ಅನ್ನುವ ನಂಬರ್ ಅದು. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡೆ. ಹತ್ತು ನಿಮಿಷ ಒದ್ದಾಡಿದ ಮೇಲೆ ಗೈಡ್ ನನ್ನ ಕೈಯಿಂದ ಲೀಡರ್ ತಗೊಂಡರು. ಒಂದು ತುದಿಯನ್ನು ಬೆರಳುಗಳ ನಡುವೆ ಇಟ್ಟು ಇನ್ನೊಂದು ತುದಿವರೆಗೆ ನಿಧಾನವಾಗಿ ಎಳೆದರು. ಮತ್ತೆ ಒಂದು ಸಲ ಎಳೆದರು. ಇನ್ನೊಂದು ಪ್ಯಾಕೆಟ್ ಒಡೆಯಲು ಹೇಳಿದರು. ಅದನ್ನೂ ಹಾಗೇ ಮುಟ್ಟಿ ನೋಡಿ, ಇದನ್ನು ಎಲ್ಲಿ ತಗೊಂಡಿರಿ ಅಂತ ಹಿಂದಿಯಲ್ಲಿ ಕೇಳಿದರು. ಆ ದನಿಯಲ್ಲೇ ನನಗೆ ಅರ್ಥ ಆಗಿಹೋಯಿತು. ಹೊಟ್ಟೆಯೊಳಗೆ ಏನೋ ಕುಸಿದ ಹಾಗಾಯಿತು.

ಎರಡೂ ತುದಿ ಒಂದೇ ದಪ್ಪ. ಟೇಪರ್ ಅನ್ನುವುದೇ ಇಲ್ಲ. ಮಾಮೂಲಿ ನೈಲಾನ್ ದಾರವನ್ನು ಒಂಬತ್ತು ಅಡಿಗೆ ಕತ್ತರಿಸಿ ಸುತ್ತಿ, ಸ್ಟಿಕ್ಕರ್ ಅಂಟಿಸಿದ್ದಾರೆ. 850 ರೂಪಾಯಿಗೆ! ಒಂಬತ್ತು ಅಡಿ ನೈಲಾನ್ ದಾರ!

ಅಪ್ಪನೂ ಇಸ್ಕೊಂಡು ಮುಟ್ಟಿ ನೋಡಿದರು. "ಬಿದಿರು ನೋಡಿದೀಯಲ್ಲ, ಬುಡ ದಪ್ಪ, ತುದಿ ಸಣ್ಣ. ಹಂಗಿದ್ರೆ ತಾನೇ ಬೀಸಕ್ಕೆ ಬರೋದು? ಇದು ಎಂತದೋ ಮಾರಾಯ?" ಅಂದರು. ಜೀವಮಾನದಲ್ಲಿ ಫ್ಲೈ ಗಾಳ ಮುಟ್ಟದ ಮನುಷ್ಯ ಒಂದು ನಿಮಿಷದಲ್ಲಿ ಹೇಳಿದ ಮಾತು, ಸಾಮಾನು ಮಾರುವ ಅಂಗಡಿಯವರಿಗೆ ಗೊತ್ತಿರಲಿಲ್ಲ ಅಂದರೆ ನಾನು ನಂಬುವುದಿಲ್ಲ.

ಅಪ್ಪ ಹೇಳಿದ್ದೇ ಸರಿ. ಫ್ಲೈಗೆ ತೂಕ ಇರುವುದಿಲ್ಲ, ಅದನ್ನು ಒಯ್ಯುವುದು ಲೈನಿನ ತೂಕ. ಬೀಸಿದ ಬಲ ಲೈನಿನಿಂದ ಲೀಡರಿನ ದಪ್ಪ ಬುಡಕ್ಕೆ ಬಂದು, ಸಣ್ಣದಾಗುತ್ತಾ ತುದಿವರೆಗೆ ಹೋದರೆ ಲೀಡರ್ ನೇರವಾಗಿ ಬಿಚ್ಚಿಕೊಂಡು ಫ್ಲೈ ಮೆತ್ತಗೆ ನೀರಿಗೆ ಇಳಿಯುತ್ತದೆ. ಒಳ್ಳೆಯ 5ಎಕ್ಸ್ ಲೀಡರಿನ ಬುಡ ಸುಮಾರು ಅರ್ಧ ಮಿಲಿಮೀಟರ್, ತುದಿ 0.15 ಮಿಲಿಮೀಟರ್. ನನ್ನದು ಪ್ರತಿ ಸಲವೂ ಮುದ್ದೆಯಾಗಿ ಬಿದ್ದಿತು.

ಇಷ್ಟಕ್ಕೇ ಮುಗಿಯಲಿಲ್ಲ. 8ನೇ ನಂಬರ್ ರಾಡ್ ಸಾಲ್ಮನ್, ಸಮುದ್ರದ ಮೀನು, ಅಂಥದ್ದಕ್ಕೆ. ಆ ನಂಬರ್ ರಾಡ್ ಬೀಸುವ ಲೈನಿನ ತೂಕಕ್ಕೆ ಇರುವುದು, ಮೀನಿನ ಗಾತ್ರಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ. ಒಂದು ಗಂಟೆ ಬೀಸುವಷ್ಟರಲ್ಲಿ ಅಪ್ಪನ ಭುಜ ನೋವು ಬಂತು. ಲೈನಂತೂ ಮುಳುಗುವ ಲೈನು! ನೀರಿನ ಮೇಲೆ ತೇಲಬೇಕಾದ ಫ್ಲೈಯನ್ನು ಅದೇ ಕೆಳಗೆ ಎಳೆದುಕೊಂಡು ಹೋಗುತ್ತಿತ್ತು. ಫ್ಲೋರೋಕಾರ್ಬನ್ ಕೂಡ ನೈಲಾನ್‌ಗಿಂತ ಬೇಗ ಮುಳುಗುತ್ತದೆ, ತೇಲುವ ಫ್ಲೈಗೆ ಅದು ಬೇಕಾಗಿರಲೇ ಇಲ್ಲ. ಸಿಂಪಲ್ ಆಗಿರಲಿ ಅಂತ ಮೂರು ಸಲ ಹೇಳಿದ್ದೆ. ಮೂರು ಸಲ.

ಅಲ್ಲಿಂದಲೇ ವಾಟ್ಸಾಪ್ ಮಾಡಿದೆ, ಲೀಡರಿನ ಎರಡೂ ತುದಿಯ ಫೋಟೋ ಹಾಕಿ. ಬಂದ ಉತ್ತರಗಳು ಇವು.

"ಟೇಪರ್ ತುಂಬಾ ಸೂಕ್ಷ್ಮ ಸಾರ್, ಕೈಗೆ ಗೊತ್ತಾಗಲ್ಲ."

"ಫಾರಿನ್ ಮಾಲು ಸಾರ್, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ."

"ನಿಮಗೆ ಕ್ಯಾಸ್ಟಿಂಗ್ ಪ್ರಾಕ್ಟೀಸ್ ಬೇಕು, ಅದಕ್ಕೆ ಹಾಗೆ ಬೀಳ್ತಿದೆ."

ಈ ಮೂರನೆಯದು ನನ್ನನ್ನು ಸುಟ್ಟುಬಿಟ್ಟಿತು. ನಕಲಿ ಮಾಲು ಕೊಟ್ಟು ತಪ್ಪು ನನ್ನ ಕೈಯದು ಅಂತಾರೆ! ನಾನೂ ಬೆಳಿಗ್ಗೆ ನನ್ನ ಕೈಯನ್ನೇ ಬೈದುಕೊಂಡಿದ್ದೆ, ಅದಕ್ಕೇ ಅಷ್ಟು ಉರಿಯಿತು.

ಊರಿಗೆ ಬಂದ ಮೇಲೆ ಪೀಣ್ಯದಲ್ಲಿ ಮೆಷಿನ್ ಶಾಪ್ ಇಟ್ಟಿರುವ ಭಾವನ ಹತ್ತಿರ ಒಯ್ದೆ. ಮೈಕ್ರೋಮೀಟರ್ ಹಾಕಿ ಐದು ಪ್ಯಾಕೆಟ್ ನೋಡಿದೆವು. ಬುಡ 0.28 ಮಿಲಿಮೀಟರ್, ನಡುವೆ 0.28, ತುದಿ 0.28. ಎಕ್ಸ್ ಲೆಕ್ಕ ಹೀಗೆ: 11ರಿಂದ ಎಕ್ಸ್ ನಂಬರ್ ಕಳೆದರೆ ಇಂಚಿನ ಸಾವಿರದ ಭಾಗದಲ್ಲಿ ದಪ್ಪ ಸಿಗುತ್ತದೆ. 5ಎಕ್ಸ್ ಅಂದರೆ 6, ಅಂದರೆ 0.15 ಮಿಲಿಮೀಟರ್. ನನಗೆ ಕೊಟ್ಟಿದ್ದು 11. ಅದು 0ಎಕ್ಸ್. ಹೆಚ್ಚುಕಮ್ಮಿ ಎರಡು ಪಟ್ಟು ದಪ್ಪ.

ಆ ಅಳತೆ ಬರೆದುಕೊಂಡು ಅಂಗಡಿಗೇ ಹೋದೆ. "ಪ್ಯಾಕೆಟ್ ಒಡೆದ ಮೇಲೆ ವಾಪಸ್ ಇಲ್ಲ ಸಾರ್." ಒಡೆಯದೆ ಒಳಗೇನಿದೆ ಅಂತ ಹೇಗ್ರೀ ನೋಡೋದು ಅಂದೆ. ಅದಕ್ಕೆ ಮಾತಿಲ್ಲ. ಒಡೆಯದ ಮೂರು ಪ್ಯಾಕೆಟ್ ಆದರೂ ತಗೊಳ್ಳಿ ಅಂದರೆ, "ಬಿಲ್ಲಲ್ಲಿ ಲೀಡರ್ ಅಂತ ಎಲ್ಲಿದೆ ಸಾರ್? ಕಿಟ್ ಅಂತಿದೆ." ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ನಾನೇ ಜಗಳಗಂಟ ಅನ್ನುವ ಹಾಗೆ ನೋಡಿದರು. ಕೊನೆಗೆ, "ಮುಂದಿನ ಪರ್ಚೇಸ್‌ಗೆ ಹತ್ತು ಪರ್ಸೆಂಟ್ ಬಿಡ್ತೀನಿ." ಮುಂದಿನ ಪರ್ಚೇಸ್ ಅಂತೆ! ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿದ್ದೇನೆ. ಅಂದಿನಿಂದ ನನ್ನ ಮೆಸೇಜಿಗೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ.

ಏನು ತಗೊಳ್ಳಬೇಕು ಅಂತ ಕೇಳಿದರೆ, ಆ ಗೈಡ್ ಹತ್ತಿರ ಇದ್ದದ್ದನ್ನೇ ಹೇಳುತ್ತೇನೆ. ಎಂಟೂವರೆ ಅಡಿಯ 5ನೇ ನಂಬರ್ ಹಳೇ ರಾಡ್. ಸಾದಾ ರೀಲ್, ಅದು ದಾರ ಸುತ್ತಿಡಲು ಇದ್ದರೆ ಸಾಕು. ಅದೇ ನಂಬರಿನ ತೇಲುವ ಲೈನ್. ಒಂಬತ್ತು ಅಡಿಯ 5ಎಕ್ಸ್ ನೈಲಾನ್ ಟೇಪರ್ಡ್ ಲೀಡರ್ ಎರಡು, ತುದಿ ಸವೆದಾಗ ಸೇರಿಸಲು 5ಎಕ್ಸ್ ಟಿಪೆಟ್, ಅಂದರೆ ಸಣ್ಣ ತುದಿದಾರ, ಒಂದು ಉರುಳೆ. ಪುಟ್ಟ ಡಬ್ಬಿಯಲ್ಲಿ ಹತ್ತು ಹನ್ನೆರಡು ಫ್ಲೈ. ಎಲ್ಲ ಒಂದು ಹೆಗಲ ಚೀಲದಲ್ಲಿ. ಫ್ಲೈ ಸೈಜನ್ನು ಮೂರರಿಂದ ಭಾಗಿಸಿದರೆ ಬೇಕಾದ ಎಕ್ಸ್ ಅಂದಾಜು ಸಿಗುತ್ತದೆ, 16ಕ್ಕೆ 5. ಇದಕ್ಕಿಂತ ಜಾಸ್ತಿ ಯಾರಾದರೂ ಹೇಳಲು ಶುರು ಮಾಡಿದರೆ ಎದ್ದು ಬನ್ನಿ. ಬಿಲ್ಲಿನಲ್ಲಿ ಒಂದೊಂದು ಸಾಮಾನೂ ಬೇರೆ ಬೇರೆ ಬರೆಸಿ. ಲೀಡರ್ ಪ್ಯಾಕೆಟ್ ಒಂದನ್ನು ಅಲ್ಲೇ ಒಡೆಸಿ, ಬುಡ ತುದಿ ಮುಟ್ಟಿ ನೋಡಿ. ಒಡೆಯಲು ಒಪ್ಪದಿದ್ದರೆ ದುಡ್ಡು ಜೇಬಿನಿಂದ ತೆಗೆಯಬೇಡಿ.

ಎರಡನೇ ದಿನ ಸಂಜೆ ಗೈಡ್ ತಮ್ಮ ರಾಡನ್ನೇ ಅಪ್ಪನ ಕೈಗೆ ಕೊಟ್ಟರು. ನನ್ನ ಸೆಟ್ ಹೋಂಸ್ಟೇಯಲ್ಲಿ ಬಿಟ್ಟು ಹೋಗಿದ್ದೆವು. ಕತ್ತಲಾಗುವ ಮುಂಚೆ ಒಂದು ಬ್ರೌನ್ ಟ್ರೌಟ್ ಸಿಕ್ಕಿತು, ಅಂಗೈಗಿಂತ ಸ್ವಲ್ಪ ಉದ್ದ, ಮೈಮೇಲೆ ಕೆಂಪು ಚುಕ್ಕಿ. ಅಪ್ಪ ಅದನ್ನು ನೀರಿನಲ್ಲೇ ಹಿಡಿದು ನೋಡಿ ಬಿಟ್ಟರು. ಇಡೀ ಎರಡು ದಿನ ಹೀಗೇ ಕಳೆಯಬೇಕಿತ್ತು. ಒಂದೂವರೆ ದಿನ ಹಾಳಾಯಿತು. ದುಡ್ಡಿಗಿಂತ ಅದು ಜಾಸ್ತಿ ನೋವು.

ಪ್ಯಾಕೆಟ್ ಗುರುತು: ಪಾರದರ್ಶಕ ಕವರ್, ನೀಲಿ ಸ್ಟಿಕ್ಕರ್, ಅದರ ಮೇಲೆ 9 ಅಡಿ, 5ಎಕ್ಸ್ ಅಂತ ಮಾತ್ರ ಇದೆ. ಮಾಡಿದವರ ಹೆಸರಿಲ್ಲ, ದಪ್ಪ ಎಷ್ಟು ಅಂತ ಇಲ್ಲ. ನಿಮ್ಮ ಮನೆಯಲ್ಲೂ ಅಂಥದ್ದಿದ್ದರೆ ಇವತ್ತೇ ಒಂದು ಒಡೆದು ಎರಡೂ ತುದಿ ಮುಟ್ಟಿ ನೋಡಿ. ಒಂದೇ ದಪ್ಪ ಇದ್ದರೆ ಬಿಲ್ ಎಸೆಯಬೇಡಿ, ನನಗೆ ತಿಳಿಸಿ. ನಾಲ್ಕೈದು ಜನ ಸೇರಿದರೆ ಬೇರೆಯವರು ಕಂಪ್ಲೇಂಟ್ ಮಾಡಿಲ್ಲ ಅನ್ನುವ ಮಾತು ಅವರಿಗೆ ಉಳಿಯುವುದಿಲ್ಲ.