ಬಣ್ಣಕ್ಕೆ ಪೂರ್ತಿ ಅಂಕ, ಮಾರ್ಕರ್‌ಗೆ ಸೊನ್ನೆ: ಅಚ್ಚರಿಯ ನೂಲಿನ ಪೆಟ್ಟಿಗೆ

ನೂಲು ಕೊಳ್ಳಲು ಹೋದರೆ ನನ್ನ ಕೈ ತಾನಾಗಿಯೇ ಬೂದು, ನೀಲಿ, ಕಂದು ಕಡೆಗೆ ಹೋಗುತ್ತದೆ. ಬೀರುವಿನಲ್ಲಿರುವ ಶಾಲು, ಟೋಪಿ ಎಲ್ಲ ಅವೇ ಮೂರು ಬಣ್ಣ. ಅದಕ್ಕೇ ಈ ಸಲ ಬಣ್ಣ ಆರಿಸುವ ಕೆಲಸ ಬೇರೆಯವರಿಗೆ ಬಿಟ್ಟೆ. ನನಗೆ ನಾನೇ ಉಡುಗೊರೆ ಅಂತ ಒಂದು ಅಚ್ಚರಿಯ ಕ್ರೋಶಾ (ಒಂದೇ ಕೊಕ್ಕೆ ಕಡ್ಡಿಯ ಹೆಣಿಗೆ) ಪೆಟ್ಟಿಗೆ ತರಿಸಿಕೊಂಡೆ. ಆರ್ಡರ್ ಮಾಡುವಾಗ ಅವರು ಕೇಳುವುದು ಎರಡೇ ಪ್ರಶ್ನೆ: ಉಣ್ಣೆ ಮೈಗೆ ಒಗ್ಗುತ್ತದೆಯೇ, ಕ್ರೋಶಾ ಎಷ್ಟು ಬರುತ್ತದೆ. ಯಾವ ಬಣ್ಣ ಇಷ್ಟ ಅಂತ ಕೇಳುವುದೇ ಇಲ್ಲ. ಒಳ್ಳೆಯದೇ ಆಯಿತು.

ಮೇಲೇ ಇದ್ದದ್ದು ಅರಿಶಿನ ಬಣ್ಣದ ಮೆರಿನೋ ಉಣ್ಣೆ, 100 ಗ್ರಾಂನ ಎರಡು ಲಡಿ. ನಾನಾಗಿದ್ದರೆ ಅದನ್ನು ಮುಟ್ಟುತ್ತಲೂ ಇರಲಿಲ್ಲ. ಬೆಳಕಿಗೆ ಹಿಡಿದರೆ ಅಲ್ಲಲ್ಲಿ ಕೇಸರಿ, ಅಲ್ಲಲ್ಲಿ ಮಾಸಲು ಹಸಿರು. ಕೈಯಲ್ಲಿ ಬಣ್ಣ ಹಾಕಿದ್ದು, ಹಾಗಾಗಿ ಡೈ ಲಾಟ್ (ಒಟ್ಟಿಗೆ ಬಣ್ಣ ಹಾಕಿದ ಕಂತು) ಒಂದೇ ಆದರೂ ಒಂದು ಲಡಿ ಇನ್ನೊಂದಕ್ಕಿಂತ ಚೂರು ಗಾಢ. ಅದು ದೋಷವಲ್ಲ. ಎರಡು ಸಾಲು ಇದರಿಂದ, ಎರಡು ಸಾಲು ಅದರಿಂದ ಹೆಣೆಯುತ್ತ ಹೋದರೆ ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ. ಇದನ್ನು ಅವರೇ ಒಂದು ಚೀಟಿಯಲ್ಲಿ ಬರೆದು ಇಟ್ಟಿದ್ದಾರೆ. ಅಷ್ಟು ಯೋಚಿಸುವವರು ಕಡಿಮೆ.

ನೂಲು ಸೂಪರ್‌ವಾಶ್. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಪೊರೆಗಳಿರುತ್ತವೆ. ಬಿಸಿನೀರಿನಲ್ಲಿ ತಿಕ್ಕಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಕುಗ್ಗಿ ದಪ್ಪಗಾಗುತ್ತದೆ. ಸೂಪರ್‌ವಾಶ್‌ನಲ್ಲಿ ಆ ಪೊರೆಗಳನ್ನು ತೆಗೆದಿರುತ್ತಾರೆ, ಇಲ್ಲವೇ ಮೇಲೆ ತೆಳು ಲೇಪ ಕೊಟ್ಟಿರುತ್ತಾರೆ. ಕುಗ್ಗುವ ಭಯ ಇಲ್ಲ. ಆದರೆ ಒದ್ದೆಯಾದಾಗ ಜೋಲುತ್ತದೆ. 10 ಸೆಂಟಿಮೀಟರ್ ಮಾದರಿ ತುಂಡು ಹೆಣೆದು, ತೊಳೆದು, ಒಣಗಿಸಿ ಅಳೆದೆ. ಹತ್ತಿರ ಹತ್ತಿರ 11 ಬಂತು. ಶಾಲಿಗೆ ಪರವಾಗಿಲ್ಲ, ಟೋಪಿಗಾದರೆ ಒಂದು ಅಳತೆ ಸಣ್ಣದು ಹಿಡಿಯಬೇಕು.

ಪೆಟ್ಟಿಗೆಯಲ್ಲಿ ನನಗೆ ತುಂಬ ಹಿಡಿಸಿದ್ದು ಮಾತ್ರ ಕಡ್ಡಿ. 4.5 ಮಿಲಿಮೀಟರ್, ಹಿಡಿ ಮೆತ್ತಗೆ, ಹೆಬ್ಬೆರಳು ಇಡುವ ಜಾಗ ಸರಿಯಾಗಿದೆ. ಕೊಕ್ಕೆಯ ತುದಿ ದುಂಡಗಿದೆ, ಹಾಗಾಗಿ ನೂಲಿನ ಎಳೆ ಸೀಳುವುದಿಲ್ಲ. ಸಡಿಲವಾಗಿ ಹೊಸೆದ ಮೆರಿನೋಗೆ ಇದು ಮುಖ್ಯ. ಅಳತೆಯನ್ನು ಲೋಹದ ಮೇಲೆ ಕೊರೆದಿದ್ದಾರೆ. ಬಣ್ಣದಲ್ಲಿ ಅಚ್ಚು ಹಾಕಿದ ಸಂಖ್ಯೆ ಬಳಸಿದಂತೆ ಅಳಿಸಿಹೋಗುತ್ತದೆ, ಆಮೇಲೆ ಇದು 4 ಇರಬಹುದಾ, 4.5 ಇರಬಹುದಾ ಅಂತ ತಲೆ ಕೆಡಿಸಿಕೊಳ್ಳಬೇಕು.

ಇನ್ನು ಮಾರ್ಕರ್‌ಗಳು, ಅಂದರೆ ಹೆಣೆಯುವಾಗ ಜಾಗ ಗುರುತಿಡಲು ಹಾಕುವ ಪುಟ್ಟ ಗುರುತುಗಳು. ನೋಡಲು ಒಡವೆಯ ಹಾಗಿವೆ, ಪುಟ್ಟ ಎಲೆ, ಪುಟ್ಟ ಹಕ್ಕಿ. ಆದರೆ ಎಲ್ಲವೂ ಮುಚ್ಚಿದ ಬಳೆಗಳು! ಎರಡು ಕಡ್ಡಿಯ ಹೆಣಿಗೆಯಲ್ಲಿ ಮಾರ್ಕರ್ ಕಡ್ಡಿಯ ಮೇಲೆ ಜಾರುತ್ತ ಹೋಗುತ್ತದೆ, ಅಲ್ಲಿ ಬಳೆ ಸರಿ. ಕ್ರೋಶಾದಲ್ಲಿ ಅದನ್ನು ಕುಣಿಕೆಗೇ ಸಿಕ್ಕಿಸಿ ಮತ್ತೆ ತೆಗೆಯಬೇಕು, ತೆರೆಯುವ ಕೊಂಡಿಯೇ ಬೇಕು. ಕ್ರೋಶಾ ಪೆಟ್ಟಿಗೆ ಅಂತ ಹೆಸರಿಟ್ಟು ಮಾರುವವರಿಗೆ ಇಷ್ಟು ಗೊತ್ತಿರಬೇಕಲ್ವಾ? ನಾನು ಸುಮ್ನೆ ಸೇಫ್ಟಿ ಪಿನ್ ಹಾಕಿಕೊಂಡು ಕೆಲಸ ನಡೆಸುತ್ತಿದ್ದೇನೆ.

ಬೇಸರ ತಂದ ಇನ್ನೊಂದು ವಿಷಯ ಶಾಲು ಹೇಗೆ ಹೆಣೆಯಬೇಕು ಅಂತ ಬರೆದ ಹಾಳೆ. ಶಾಲಿಗೆ 500 ಮೀಟರ್ ನೂಲು ಬೇಕು ಅಂತ ಅದರಲ್ಲೇ ಬರೆದಿದೆ. ಲಡಿಗೆ ಸುಮಾರು 210 ಮೀಟರ್, ಎರಡು ಸೇರಿದರೆ 420. ಉಳಿದದ್ದು ಎಲ್ಲಿಂದ ತರುವುದು? ಜೊತೆಗೆ ಕೊಟ್ಟ 20 ಗ್ರಾಂನ ಪುಟ್ಟ ಲಡಿಗಳು ಫಿಂಗರಿಂಗ್ ಅನ್ನುವ ತೆಳು ನೂಲಿನವು, ಡಿಕೆ ಅನ್ನುವ ಮಧ್ಯಮ ದಪ್ಪದ ಈ ಮೆರಿನೋ ಪಕ್ಕದಲ್ಲಿ ತೀರಾ ಸಣಕಲು. ಎರಡೆಳೆ ಜೋಡಿಸಿದರೆ ಹೆಚ್ಚುಕಡಿಮೆ ಡಿಕೆ ದಪ್ಪ ಬರುತ್ತದೆ, ಉದ್ದ ಅರ್ಧಕ್ಕೆ ಇಳಿಯುತ್ತದೆ. ಹಾಗೇ ಮಾಡಿ ಅಂಚು ಮುಗಿಸುತ್ತಿದ್ದೇನೆ. ಅದೇ ಲಾಟ್‌ನ ಇನ್ನೊಂದು ಲಡಿ ಸಿಗುತ್ತದಾ ಅಂತ ಕೇಳಿದ್ದಕ್ಕೆ ಬೇಗನೆ, ಮರ್ಯಾದೆಯಾಗಿ ಉತ್ತರ ಬಂತು: ಮುಗಿದುಹೋಗಿದೆ. ಬಣ್ಣ ಗೊತ್ತಿಲ್ಲದಿರುವುದಕ್ಕೆ ನಾನು ದುಡ್ಡು ಕೊಟ್ಟದ್ದು, ನೂಲು ಸಾಲುತ್ತದೋ ಇಲ್ಲವೋ ಅನ್ನುವುದಕ್ಕಲ್ಲ.

ಹಾಳೆಯಲ್ಲಿ ಬಳಸಿದ್ದು ಅಮೆರಿಕದ ಪದ್ಧತಿಯೋ ಬ್ರಿಟನ್ನಿನದೋ ಅಂತಲೂ ಹೇಳಿಲ್ಲ. ಅಮೆರಿಕದವರು ಡಬಲ್ ಕ್ರೋಶಾ ಅನ್ನುವ ಕುಣಿಕೆಗೆ ಬ್ರಿಟನ್ನಿನವರು ಟ್ರೆಬಲ್ ಅನ್ನುತ್ತಾರೆ. ಚಿತ್ರದಲ್ಲಿ ಸಾಲಿನ ಎತ್ತರ ನೋಡಿ ಅಮೆರಿಕದ್ದು ಅಂತ ಗೊತ್ತಾಯಿತು. ಈಗಷ್ಟೇ ಕಲಿಯುತ್ತಿರುವವರು ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ, ಅವರಿಗೆ ಈ ಪೆಟ್ಟಿಗೆ ಬೇಡ ಅಂತಲೇ ಹೇಳುತ್ತೇನೆ.

ಮೊಂಡು ಸೂಜಿ, ಮಡಚುವ ಕತ್ತರಿ ಇವೆ. ಚೆನ್ನಾಗಿವೆ.

ಚಂದಾ ಮಾಡಿಸುವುದಿಲ್ಲ. ಬಿಡಿಯಾಗಿ ಇನ್ನೊಮ್ಮೆ ಖಂಡಿತ ತರಿಸುತ್ತೇನೆ, ಅರಿಶಿನದ ಶಾಲು ನನಗೆ ಅಷ್ಟು ಒಪ್ಪಿದೆ. ಆದರೆ ಷರಾ ಬರೆಯುವ ಜಾಗದಲ್ಲಿ ಹೀಗೆ ಬರೆಯುತ್ತೇನೆ: ಮಾರ್ಕರ್ ಬೇಡ, ಅದರ ಬದಲು ಅದೇ ಲಾಟ್‌ನ 50 ಗ್ರಾಂ ನೂಲು ಜಾಸ್ತಿ ಹಾಕಿ.