ಸೈಲೆಂಟ್ ಪುಶ್ ನಂಬಿ ವ್ಯಾನ್ ಟ್ರ್ಯಾಕ್ ಮಾಡಲು ಹೋಗಬೇಡಿ

ಸ್ಕೂಲ್ ವ್ಯಾನ್ ಎಲ್ಲಿದೆ ಅಂತ ಪೋಷಕರಿಗೆ ತೋರಿಸುವ ಆಪ್ ಮಾಡುತ್ತಿದ್ದೆವು. ಮೂರೇ ಜನ. ಜಿಪಿಎಸ್ ಸದಾ ಆನ್ ಇದ್ದರೆ ಮಧ್ಯಾಹ್ನದೊಳಗೆ ಫೋನ್ ಸತ್ತುಹೋಗುತ್ತೆ ಅಂತ ಡ್ರೈವರ್‌ಗಳ ಗೋಳು. ಆಗ ನಾನೇ ಬುದ್ಧಿವಂತಿಕೆ ತೋರಿಸಿದೆ. ಎರಡು ನಿಮಿಷಕ್ಕೊಮ್ಮೆ ಸರ್ವರ್‌ನಿಂದ ಸೈಲೆಂಟ್ ಪುಶ್ (ಪರದೆ ಮೇಲೆ ಏನೂ ತೋರಿಸದೆ ಆಪನ್ನು ಎಬ್ಬಿಸುವ ಸಂದೇಶ) ಕಳಿಸೋಣ, ಆಪ್ ಸದ್ದಿಲ್ಲದೆ ಎದ್ದು ಲೊಕೇಶನ್ ಕಳಿಸಿ ಮತ್ತೆ ಮಲಗಲಿ ಅಂದೆ.

ನನ್ನ ಟೇಬಲ್ ಮೇಲೆ ಹೂವೆತ್ತಿದಷ್ಟು ಸಲೀಸಾಗಿ ನಡೆಯಿತು. ವಾರವಿಡೀ ಒಂದು ಪುಶ್ ಕೂಡ ತಪ್ಪಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಒಂದು ಸಂಜೆ ಜೋರು ಮಳೆ. ಮ್ಯಾಪ್‌ನಲ್ಲಿ ವ್ಯಾನ್ ಪೆಟ್ರೋಲ್ ಬಂಕ್ ಹತ್ತಿರವೇ ನಿಂತಿತ್ತು. ಇನ್ನೂ ಟೈಮಿದೆ ಅಂತ ಒಬ್ಬ ತಾಯಿ ಮನೆಯಲ್ಲೇ ಇದ್ದರು. ನಿಜಕ್ಕೂ ವ್ಯಾನ್ ಮಗುವನ್ನು ಇಳಿಸಿ ಹೋಗಿ ಇಪ್ಪತ್ತು ನಿಮಿಷವಾಗಿತ್ತು. ಎರಡನೇ ಕ್ಲಾಸ್ ಹುಡುಗಿ ಪಂಕ್ಚರ್ ಅಂಗಡಿಯ ಶೀಟ್ ಕೆಳಗೆ, ಒದ್ದೆ ಸಾಕ್ಸ್ ಕೈಯಲ್ಲಿ ಹಿಡಿದು ನಿಂತಿದ್ದಳಂತೆ. ಆ ತಾಯಿ ಫೋನ್‌ನಲ್ಲಿ ಬೈಯಲಿಲ್ಲ, ಅತ್ತರು. ಬೈದಿದ್ದರೇ ಚೆನ್ನಾಗಿತ್ತು.

ಸರ್ವರ್ ಲಾಗ್ ನೋಡಿದರೆ ಎಲ್ಲಾ 200. ಐಫೋನ್‌ಗೆ ಹೋಗುವ ಪುಶ್ ಆಪಲ್ ಮೂಲಕವೇ ಹೋಗಬೇಕು; 200 ಅಂದರೆ ಆಪಲ್ ಸರ್ವರ್ ಅದನ್ನು ತೆಗೆದುಕೊಂಡಿತು ಅಂತ ಅಷ್ಟೇ, ಫೋನ್ ಮುಟ್ಟಿತು ಅಂತಲ್ಲ. ಮರುದಿನ ಆ ಡ್ರೈವರ್ ಪಕ್ಕದಲ್ಲೇ ಕೂತೆ. ಗೇರ್ ಹಾಕುವ ಮುಂಚೆ ಫೋನ್ ಎತ್ತಿ, ಹೆಬ್ಬೆರಳಿನಿಂದ ಎಲ್ಲಾ ಆಪ್‌ಗಳನ್ನೂ ಮೇಲಕ್ಕೆ ತಳ್ಳಿದರು. "ಚಾರ್ಜ್ ಉಳೀಲಿ ಅಂತ ಸಾರ್." ಐಫೋನ್‌ನಲ್ಲಿ ಹಾಗೆ ತಳ್ಳಿದರೆ, ಮತ್ತೆ ಕೈಯಾರೆ ತೆರೆಯುವ ತನಕ ಸೈಲೆಂಟ್ ಪುಶ್ ಆ ಆಪನ್ನು ಎಬ್ಬಿಸುವುದಿಲ್ಲ.

ತಳ್ಳದಿದ್ದರೂ ಕಥೆ ಅಷ್ಟೇ. ಗಂಟೆಗೆ ಎರಡು ಮೂರಕ್ಕಿಂತ ಜಾಸ್ತಿ ಕಳಿಸಬೇಡಿ ಅಂತ ಆಪಲ್ ತನ್ನ ದಾಖಲೆಯಲ್ಲೇ ಬರೆದಿದೆ. ನಾವು ಕಳಿಸುತ್ತಿದ್ದದ್ದು ಮೂವತ್ತು! ಬ್ಯಾಕ್‌ಗ್ರೌಂಡ್ ರಿಫ್ರೆಶ್ (ಹಿನ್ನೆಲೆಯಲ್ಲಿ ಕೆಲಸ ಮಾಡಲು ಆಪ್‌ಗೆ ಬಿಡುವ ಸೆಟ್ಟಿಂಗ್) ಆಫ್ ಇದ್ದರೆ ಅದೂ ಇಲ್ಲ. ಲೋ ಪವರ್ ಮೋಡ್ ಹಾಕಿದರೆ ಆ ರಿಫ್ರೆಶ್ ತಾನಾಗೇ ಆಫ್. ಹಾಗಾದರೆ ನನ್ನ ಟೇಬಲ್ ಮೇಲೆ ಹೇಗೆ ನಡೆಯಿತು? ಕೇಬಲ್! ಎಕ್ಸ್‌ಕೋಡ್ ಡೀಬಗರ್‌ಗೆ (ಆಪ್‌ನ ತಪ್ಪು ಹುಡುಕಲು ಕಂಪ್ಯೂಟರ್‌ನಲ್ಲಿ ಬಳಸುವ ಆಪಲ್ ಟೂಲ್) ಅಂಟಿಕೊಂಡಿರುವಾಗ ಐಫೋನ್ ಈ ಕಡಿವಾಣ ಹಾಕುವುದಿಲ್ಲ. ವಾರವಿಡೀ ನಾನು ಕೇಬಲ್ ಕಿತ್ತೇ ಇರಲಿಲ್ಲ.

ಆಂಡ್ರಾಯ್ಡ್ ಪರವಾಗಿಲ್ಲ ಅಂದ್ಕೋಬೇಡಿ. ಹೈ ಪ್ರಯಾರಿಟಿ, ಅಂದರೆ ತಕ್ಷಣ ತಲುಪಬೇಕಾದ, ಮೆಸೇಜ್ ಕಳಿಸಿ ನೋಟಿಫಿಕೇಶನ್ ತೋರಿಸದೇ ಇದ್ದರೆ, ಗೂಗಲ್ ಮೆಲ್ಲಗೆ ಅದನ್ನು ನಾರ್ಮಲ್‌ಗೆ ಇಳಿಸುತ್ತದೆ. ಆಂಡ್ರಾಯ್ಡ್ 8ರಿಂದ ಈಚೆಗೆ, ಹಿನ್ನೆಲೆಯಲ್ಲಿರುವ ಆಪ್‌ಗೆ ಲೊಕೇಶನ್ ಸಿಗುವುದೇ ಗಂಟೆಗೆ ಕೆಲವು ಸಲ.

ಕೊನೆಗೆ ಎಲ್ಲಾ ಕಿತ್ತುಹಾಕಿದೆವು. ಈಗ ಡ್ರೈವರ್ 'ಟ್ರಿಪ್ ಶುರು' ಒತ್ತಬೇಕು. ಆಂಡ್ರಾಯ್ಡ್‌ನಲ್ಲಿ ಕಣ್ಣಿಗೆ ಕಾಣುವ ನೋಟಿಫಿಕೇಶನ್ ಜೊತೆ ಓಡುತ್ತಲೇ ಇರುವ ಫೋರ್‌ಗ್ರೌಂಡ್ ಸರ್ವಿಸ್, ಐಫೋನ್‌ನಲ್ಲಿ ಬ್ಯಾಕ್‌ಗ್ರೌಂಡ್ ಲೊಕೇಶನ್ ಮೋಡ್. ಐದು ನಿಮಿಷ ಸುದ್ದಿ ಬರದಿದ್ದರೆ ಮ್ಯಾಪ್‌ನಲ್ಲಿ ವ್ಯಾನ್ ಬೂದು ಬಣ್ಣಕ್ಕೆ ತಿರುಗುತ್ತದೆ, ಕೆಳಗೆ 'ಕೊನೆಯ ಬಾರಿ ಕಂಡದ್ದು' ಅಂತ ಸಮಯ ಬರುತ್ತದೆ. ಇದೊಂದು ಮೊದಲೇ ಇದ್ದಿದ್ದರೆ ಆ ತಾಯಿ ಕೊಡೆ ಹಿಡಿದು ಹೊರಡುತ್ತಿದ್ದರು.

ಬ್ಯಾಟರಿ ಗೋಳಾ? ವ್ಯಾನಿಗೊಂದು ಕಾರ್ ಚಾರ್ಜರ್ ಕೊಡಿಸಿದೆವು.