ಸ್ಲಾಟ್ ಕಾರ್ ಟ್ಯೂನಿಂಗ್‌ಗೆ ಕೊಡುವ ಮುಂಚೆ ಇದನ್ನು ಓದಿ

ಮುಂಬೈ, ಠಾಣೆ, ಡೊಂಬಿವಲಿ ಕಡೆ ಸ್ಲಾಟ್ ಕಾರ್ (ಟ್ರ್ಯಾಕಿನ ಸೀಳಿನಲ್ಲಿ ಕರೆಂಟ್ ಮೇಲೆ ಓಡುವ ಪುಟ್ಟ ರೇಸ್ ಕಾರ್) ಓಡಿಸುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಟ್ಯೂನ್ ಮಾಡಿಕೊಡ್ತೀನಿ ಅಂತ ನನ್ನ ಕಾರು ತೆಗೆದುಕೊಂಡು ಹೋದವರು ಒಳಗಿದ್ದ ಒಳ್ಳೆ ಮೋಟರ್ ಎತ್ತಿಟ್ಟುಕೊಂಡು, ಅದರ ಜಾಗದಲ್ಲಿ ಆಟಿಕೆ ಮೋಟರ್ ಕೂರಿಸಿ ವಾಪಸ್ ಕೊಟ್ಟಿದ್ದಾರೆ. ಅದಕ್ಕೆ ನನ್ನಿಂದಲೇ 3,500 ರೂಪಾಯಿ ಕೂಡ ತಗೊಂಡಿದ್ದಾರೆ. ಇನ್ನೂ ಸಿಟ್ಟು ಇಳಿದಿಲ್ಲ.

ಕಾರು ಸ್ಲಾಟ್ ಡಾಟ್ ಇಟ್‌ನ ಪೋರ್ಷೆ 956, ನಿಜವಾದ ಕಾರಿನ 1/32 ಅಳತೆಯದು. ಇಟಲಿಯ ಕಂಪನಿಯದು, ಇಲ್ಲಿ ಸುಲಭಕ್ಕೆ ಸಿಗೋದಲ್ಲ. ಹೊರಗಿನಿಂದ ತರಿಸೋಣ ಅಂದ್ರೆ ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ. 20ರಿಂದ 60ಕ್ಕೆ ಹೋಯ್ತು, 2023ರಲ್ಲಿ 70 ಆಯ್ತು. ಹಾಗಾಗಿ ಇರುವ ಕಾರನ್ನೇ ಜೋಪಾನ ಮಾಡಿಕೊಂಡು ಓಡಿಸುತ್ತೇವೆ, ಅಲ್ವಾ.

ಕಾರನ್ನು ಟ್ರ್ಯಾಕಿಗೆ ಹಿಡಿದಿಡುವ ಅಡಿಯ ಮ್ಯಾಗ್ನೆಟ್ ತೆಗೆದು ಓಡಿಸಬೇಕು ಅಂತ ನನ್ನ ಆಸೆ. ಮ್ಯಾಗ್ನೆಟ್ ಹೋದರೆ ಕಾರನ್ನು ತಿರುವಿನಲ್ಲಿ ಹಿಡಿಯೋದು ಟೈರ್ ಮತ್ತು ತೂಕ. ಟೈರ್ ಸ್ವಲ್ಪ ಓರೆ ಇದ್ದರೂ ಕಾರು ಕುಣಿಯುತ್ತೆ. ಅದಕ್ಕೇ ಟೈರನ್ನು ರಿಮ್‌ಗೆ ಅಂಟಿಸಿ, ಸ್ಯಾಂಡ್‌ಪೇಪರ್ ಮೇಲೆ ತಿರುಗಿಸಿ ದುಂಡಗೆ ಉಜ್ಜಬೇಕು, ಸೀಸದ ತೂಕ ಸರಿಯಾದ ಜಾಗದಲ್ಲಿ ಅಂಟಿಸಬೇಕು, ಗೈಡ್‌ನ (ಸೀಳಿನಲ್ಲಿ ಕೂರುವ ಮುಂಭಾಗದ ತುಂಡು) ಬ್ರೇಡ್, ಅಂದ್ರೆ ಟ್ರ್ಯಾಕಿನಿಂದ ಕರೆಂಟ್ ಎತ್ತುವ ತಂತಿ ಜಡೆ, ಬದಲಿಸಬೇಕು. ಮಾತಾಗಿದ್ದು ಇಷ್ಟೇ. ಮೋಟರ್ ಮುಟ್ಟುವ ಮಾತೇ ಇರಲಿಲ್ಲ.

ಮನುಷ್ಯ ಕನ್ನಡದವರು, ಹುಬ್ಬಳ್ಳಿ ಕಡೆ ಮಾತು. ಮಾಟುಂಗಾದಲ್ಲಿ ಇಡ್ಲಿ ತಿನ್ನುತ್ತಾ ಕಾರು ಕೈಗೆ ಕೊಟ್ಟೆ. "ಏನೂ ಚಿಂತಿ ಮಾಡಬ್ಯಾಡ್ರಿ ಅಣ್ಣಾರ, ಕಾರ್ ಹೆಂಗ ಓಡತೈತಿ ನೋಡ್ರಿ" ಅಂದರು. ಗೇರ್ ರೇಶಿಯೋ, ಆಕ್ಸಲ್ ಎಲ್ಲ ಸರಿಯಾಗೇ ಮಾತಾಡಿದರು. ಕೆಲಸ ಗೊತ್ತಿಲ್ಲದವರಲ್ಲ. ಅದೇ ಜಾಸ್ತಿ ಹೊಟ್ಟೆ ಉರಿಸೋದು.

ವಾಪಸ್ ಬಂದ ಭಾನುವಾರ ಗೆಳೆಯರನ್ನೆಲ್ಲ ಮನೆಗೆ ಕರೆದಿದ್ದೆ. ಕಾರು ಮೊದಲು ಎಂಥಾ ಸ್ಪೀಡ್ ಅಂತೀರಾ, ಎಲ್ಲರೂ ಬಾಯಿ ಬಿಟ್ಟುಕೊಂಡು ನೋಡಿದರು. ಆಮೇಲೆ ಸುಟ್ಟ ವಾಸನೆ ಶುರುವಾಯ್ತು. ನೇರ ದಾರಿಯಲ್ಲೇ ನಿಂತುಬಿಟ್ಟಿತು. ಮುಟ್ಟಿದರೆ ಕೈ ಚುರ್ ಅಂತು. ಎಲ್ಲರ ಎದುರು ತುಂಬಾ ನಾಚಿಕೆಯಾಯ್ತು.

ಸ್ಕ್ರೂ ಬಿಚ್ಚಿ ಬಾಡಿ ಎತ್ತಿದೆ. ನನ್ನ ಮೋಟರ್‌ನ ಪಾಸಿಟಿವ್ ಕಡೆ ನೆನಪಿಗೆ ಅಂತ ಹೆಂಡತಿಯ ಕೆಂಪು ನೈಲ್ ಪಾಲಿಷ್‌ನಿಂದ ಒಂದು ಚುಕ್ಕಿ ಇಟ್ಟಿದ್ದೆ. ಆ ಚುಕ್ಕಿ ಇರಲಿಲ್ಲ. ತಿರುಗಿಸಿ ನೋಡಿದೆ, ಮತ್ತೆ ತಿರುಗಿಸಿದೆ, ಒರೆಸಿ ನೋಡಿದೆ. ಇಲ್ಲ. ಹೆಸರಿಲ್ಲ, ನಂಬರ್ ಇಲ್ಲ, ಬರೀ ತಗಡಿನ ಡಬ್ಬಿ. ಟೈರ್ ಹೆಬ್ಬೆರಳಲ್ಲಿ ಒತ್ತಿದರೆ ರಿಮ್‌ನಿಂದ ಜಾರಿ ಹೊರಗೆ ಬಂತು, ಅಂಟು ಅನ್ನೋದು ಒಂದು ಹನಿಯೂ ಹಾಕಿರಲಿಲ್ಲ. ಎದೆ ಧಸಕ್ ಅಂತು.

ಈ ಮೋಸ ಹೇಗೆ ನಡೆಯುತ್ತೆ ಅಂದ್ರೆ, ನಮ್ಮ ಕಾರಿನ ಮೋಟರ್‌ಗೂ ಮಕ್ಕಳ ಆಟಿಕೆಗೆ ಹಾಕುವ 130 ಸೈಜಿನ ಮೋಟರ್‌ಗೂ ಡಬ್ಬಿಯ ಅಳತೆ ಒಂದೇ. 2 ಮಿ.ಮೀ. ಶಾಫ್ಟ್, ಅದೂ ಒಂದೇ. ಆಟಿಕೆ ಮೋಟರ್ ಮುಂಬೈನ ಎಲೆಕ್ಟ್ರಾನಿಕ್ಸ್ ಬಜಾರ್ ಲ್ಯಾಮಿಂಗ್ಟನ್ ರೋಡಲ್ಲಿ ಪುಡಿಗಾಸಿಗೆ ಸಿಗುತ್ತೆ. ಆಟಿಕೆಯದು ಸಾಮಾನ್ಯವಾಗಿ 3ರಿಂದ 6 ವೋಲ್ಟ್‌ಗೆ ಮಾಡಿದ್ದು, ನನ್ನ ಟ್ರ್ಯಾಕಿಗೆ 12 ವೋಲ್ಟ್ ಬರುತ್ತೆ. ಹಾಗಾಗಿ ಮೊದಲು ಹುಚ್ಚು ಹಿಡಿದ ಹಾಗೆ ತಿರುಗುತ್ತೆ, ಕಾರು ಟ್ಯೂನ್ ಆಗಿದೆ ಅಂತ ನಾವು ಖುಷಿಪಡ್ತೀವಿ, ಅಷ್ಟರಲ್ಲಿ ಒಳಗೆ ಕರೆಂಟ್ ಮುಟ್ಟಿಸುವ ಬ್ರಷ್, ಕಾಮ್ಯುಟೇಟರ್ ಸುಟ್ಟು ಹೋಗುತ್ತೆ.

ಅವರಿಗೆ ಫೋನ್ ಮಾಡಿದೆ. "ನಾ ಕೊಟ್ಟಾಗ ಛಲೋ ಓಡತಿತ್ತು. ನೀವ ವೋಲ್ಟೇಜ್ ಜಾಸ್ತಿ ಕೊಟ್ಟೀರಿ" ಅಂದರು. ನನ್ನ ಅಡಾಪ್ಟರ್‌ನಲ್ಲಿ 12 ಬಿಟ್ಟು ಬೇರೆ ವೋಲ್ಟೇಜೇ ಇಲ್ಲ! ಮೋಟರ್ ನಾನು ಮುಟ್ಟೇ ಇಲ್ಲ ಅಂತ ಆಣೆ ಮಾಡಿದರು. ಮುಂಚಿನ ಫೋಟೋ, ಈಗಿನ ಫೋಟೋ ಎರಡೂ ವಾಟ್ಸಾಪ್ ಮಾಡಿದೆ. ಆಗ ಮಾತು ಬದಲಾಯ್ತು. "ಹೌದ್ರಿ, ನಿಮ್ ಮೋಟರ್ ವೀಕ್ ಇತ್ತು, ನಿಮ್ಮ ಒಳ್ಳೇದಕ್ಕ ಬದಲಿ ಮಾಡೀನಿ." ಮುಟ್ಟೇ ಇಲ್ಲ ಅಂದವರೇ ಇವರು! ಹಾಗಾದ್ರೆ ನನ್ನ ಮೋಟರ್ ಎಲ್ಲಿ ಅಂತ ಕೇಳಿದೆ. "ಹಳೇ ಸಾಮಾನ ಯಾರರ ಇಟ್ಕೋತಾರೇನ್ರಿ, ಒಗದ್ ಬಿಟ್ಟೆ." ಒಗೆದುಬಿಟ್ಟರಂತೆ! ನನ್ನ ವಸ್ತು, ನನ್ನನ್ನು ಒಂದು ಮಾತು ಕೇಳದೆ. ದುಡ್ಡು ವಾಪಸ್ ಕೊಡಿ ಅಂದಿದ್ದಕ್ಕೆ ಬಂದ ಕೊನೆಯ ಉತ್ತರ, "ಒಂದ್ ಆಟಗಿ ಸಾಮಾನಕ್ಕ ಇಷ್ಟ್ಯಾಕ ತಲಿ ಕೆಡಿಸ್ಕೊಂತೀರಿ, ದೊಡ್ಡಾವ್ರು ನೀವು." ಆಮೇಲೆ ಬರೀ ನೀಲಿ ಟಿಕ್. ಉತ್ತರವಿಲ್ಲ.

ಆಟಿಕೆ ಸಾಮಾನು ಅಂತೆ. ಆಟಿಕೆ ಆಗಿದ್ದರೆ ಆ ಮೋಟರ್ ನಿಮಗ್ಯಾಕೆ ಬೇಕಿತ್ತು?

ಯಾರಿಗೇ ಕೊಡಿ, ಕೊಡುವ ಮುಂಚೆ ಬಾಡಿ ಬಿಚ್ಚಿ ಮೋಟರ್, ಗೇರ್, ರಿಮ್ ಎಲ್ಲದರ ಫೋಟೋ ತೆಗೆದುಕೊಳ್ಳಿ, ಮೋಟರ್ ಮೇಲೆ ನಿಮ್ಮದೊಂದು ಗುರುತು ಹಾಕಿ. ಬದಲಿಸಿದ ಪ್ರತಿ ಭಾಗವನ್ನೂ ಕೇಳಿ ಪಡೆಯಿರಿ. ಕನ್ನಡದಲ್ಲಿ ಮಾತಾಡ್ತಾರೆ ಅನ್ನೋದು ಗ್ಯಾರಂಟಿ ಅಲ್ಲ, ದುಡ್ಡು ಮೊದಲೇ ಪೂರ್ತಿ ಕೊಡಬೇಡಿ. ಮಾಟುಂಗಾದಲ್ಲಿ ಭೇಟಿಯಾಗಿ ಹೀಗೆ ಕಾರು ತಗೊಂಡು ಹೋಗುವವರ ಹತ್ತಿರ ಈಗ ನಿಮ್ಮ ಕಾರು ಇದ್ದರೆ ಇವತ್ತೇ ವಾಪಸ್ ತಗೊಳ್ಳಿ. ಅವರ ಎದುರಿಗೇ ಸ್ಕ್ರೂ ಬಿಚ್ಚಿ ನೋಡಿ, ಆಮೇಲೆ ಜಾಗ ಬಿಡಿ.